ರಟ್ಟಿನಿಂದಲೇ ರಟ್ಟಾದ ಗುಟ್ಟು

2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಖಾಸಗಿ ಪದವಿಪೂರ್ವ ಕಾಲೇಜೊಂದು ಮಧ್ಯಾವಧಿ ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆ ತೊಡಿಸಿ, ನಕಲು ತಡೆಯುವ ವಿದ್ಯೆಯಲ್ಲಿ ನಾಡಿಗೇ ಮೇಲ್ಪಂಕ್ತಿ ಹಾಕಿಕೊಟ್ಟಿತು. ಪೆಟ್ಟಿಗೆಯ ಮುಂಬದಿಯನ್ನು ಕೊರೆದಿದ್ದರಿಂದ ತಮ್ಮ ಉತ್ತರ ಪತ್ರಿಕೆ ಕಾಣುತ್ತಿತ್ತು, ನೆರೆಯವರದು ಕಾಣುತ್ತಿರಲಿಲ್ಲ. ಪೆಟ್ಟಿಗೆಯನ್ನು ವಿದ್ಯಾರ್ಥಿಗಳೇ ತಂದುಕೊಂಡಿದ್ದರಾದ್ದರಿಂದ ಸ್ವಾವಲಂಬನೆಯ ಪಾಠವೂ ಪುಕ್ಕಟೆಯಾಗಿ ಆಯಿತು. ಚಿತ್ರಗಳು ಜಾಲತಾಣಗಳಲ್ಲಿ ಹರಿದಾಡಿ ಗುಟ್ಟು ರಟ್ಟಾದ ಮೇಲೆ ಇಲಾಖೆ ನೋಟಿಸ್ ಕೊಟ್ಟಿತು, ಆಡಳಿತ ಮಂಡಳಿ ವಿಷಾದ ಸೂಚಿಸಿತು, ಪೆಟ್ಟಿಗೆಗಳು ಗುಜರಿ ಸೇರಿರಬೇಕು.

ಪೆಟ್ಟಿಗೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಅದು ತಡವಾಗಿ ಬಂತು ಮತ್ತು ತಲೆ ತಪ್ಪಿ ಬಂತು ಎಂಬುದಷ್ಟೇ ನನ್ನ ಅಹವಾಲು. ಪ್ರಯೋಗಾಲಯದಲ್ಲಿ ಸರಳ ಲೋಲಕವನ್ನು ತೂಗಿಸಿ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ವಿದ್ಯಾರ್ಥಿಗೆ, ಮುದಿ ಸ್ಟಾಪ್‌ವಾಚ್‌ನ ಕೃಪೆಯಿಂದ, 9.8ರ ಬದಲು 8.9 ಬಂತೆನ್ನಿ. ಕಂಡದ್ದನ್ನೇ ಬರೆದರೆ ರೆಕಾರ್ಡಿನ ಮೇಲೆ ಕೆಂಪು ಗೀಟು ಬೀಳುತ್ತದೆ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದು ಕೋಷ್ಟಕವನ್ನು ತುಂಬಿದರೆ ಅದೇ ಕೆಂಪು ಶಾಯಿಯಲ್ಲಿ ಸಹಿ ಬೀಳುತ್ತದೆ. (ಗುರುತ್ವ ಬಲಕ್ಕಿಂತ ಸಹಿಯ ಬಲ ದೊಡ್ಡದೆಂಬ ಈ ನಿಯಮವನ್ನು ನ್ಯೂಟನ್ ಹೇಗೆ ಬಿಟ್ಟನೋ ತಿಳಿಯದು.) ಅಷ್ಟು ಲೆಕ್ಕಕ್ಕೂ ಪುರುಸೊತ್ತಿಲ್ಲದವರಿಗೆ ಸೀನಿಯರ್ ಅಣ್ಣನ ರೆಕಾರ್ಡ್ ಇದ್ದೇ ಇದೆ; ಅಣ್ಣ ಮಾಡಿದ ಕಾಗುಣಿತದ ತಪ್ಪನ್ನೂ ತಮ್ಮ ಭಕ್ತಿಯಿಂದ ಉಳಿಸಿಕೊಳ್ಳುತ್ತಾನೆ. ಹೀಗೆ ಎರಡು ವರ್ಷ ಸಹಿ ಸಮೇತ ತರಬೇತಿ ಪಡೆದ ಹುಡುಗ ಮಾರ್ಚ್‌ ಪರೀಕ್ಷೆಯಲ್ಲಿ ತೋಳಿನೊಳಗೊಂದು ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದರೆ, ಈ ಕಾಲದ ಮಕ್ಕಳಿಗೆ ಏನಾಗಿದೆಯೆಂದು ಸಿಬ್ಬಂದಿ ಕೊಠಡಿಯೇ ಗಲ್ಲಕ್ಕೆ ಕೈ ಹಚ್ಚುತ್ತದೆ. ಮುಂದೆ ಅವನು ಎಂಜಿನಿಯರಿಂಗ್ ಸೇರಿದರೆ, ಅಂತಿಮ ವರ್ಷದ ಪ್ರಾಜೆಕ್ಟು ವರದಿ ಸಮೇತ ಅಂಗಡಿಯಲ್ಲೇ ಸಿಗುವುದರಿಂದ ಚೀಟಿಯ ಶ್ರಮವೂ ತಪ್ಪುತ್ತದೆ.

ಇಷ್ಟೆಲ್ಲ ದಾಟಿ ಪಿಎಚ್‌.ಡಿ. ತಲುಪಿದವನಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ನಿಯಮಾವಳಿಯಲ್ಲಿ ಕೃತಿಚೌರ್ಯದ ದರಪಟ್ಟಿಯನ್ನೇ ಒದಗಿಸಿದೆ. ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಶೇ. 10ರಿಂದ 40ರವರೆಗೆ ತಿದ್ದಿ ತರಲು ಆರು ತಿಂಗಳು ಮೀರದ ಗಡುವು. 60ರವರೆಗೆ ಒಂದು ವರ್ಷ ತಿದ್ದಿದ ಪ್ರತಿ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಆಕರಸೂಚಿ, ಪರಿವಿಡಿ ಮೊದಲಾದವುಗಳನ್ನು ಕಳೆದ ಮೇಲೆ ಉಳಿಯುವ ಹೋಲಿಕೆಯ ಲೆಕ್ಕ ಇದು. ಸಂತೆಯಲ್ಲಿ ಹತ್ತರಲ್ಲೊಂದು ಬದನೆಕಾಯಿಯನ್ನು ಕೇಳದೆ ಚೀಲಕ್ಕೆ ಹಾಕಿಕೊಂಡವನಿಗೆ ಈ ಔದಾರ್ಯ ಸಿಗಲಾರದು. ಅಧ್ಯಾಪಕರೇ ಪ್ರಬಂಧದಲ್ಲಿ ಶೇ. 60 ಮೀರಿದರೆ ಎರಡು ವಾರ್ಷಿಕ ವೇತನ ಬಡ್ತಿಗಳು ಕಡಿತವಾಗುತ್ತವೆ ಮತ್ತು ಮೂರು ವರ್ಷ ಹೊಸ ಶಿಷ್ಯರಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಅಂದರೆ ಒಂದೇ ಅಳತೆಯ ಕಳವಿಗೆ ಶಿಷ್ಯ ಮನೆಗೆ ಹೋಗುತ್ತಾನೆ, ಗುರು ನಾಲ್ಕನೆಯ ವರ್ಷ ಸಂಶೋಧನೆಯ ನೀತಿಯನ್ನು ಬೋಧಿಸಲು ಮರಳುತ್ತಾರೆ.

ಹಾವೇರಿಯವರಿಗೆ ಈ ನಿಯಮಾವಳಿಯನ್ನು ಯಾರಾದರೂ ಮೊದಲೇ ಓದಿ ಹೇಳಬೇಕಾಗಿತ್ತು. ಪೆಟ್ಟಿಗೆಯ ಪಕ್ಕದ ಬದಿಯಲ್ಲೂ ಶೇ. 10ರಷ್ಟು ಕಿಂಡಿ ಕೊರೆದಿದ್ದರೆ, ಇಲಾಖೆ ನೋಟಿಸ್ ಕೊಡುವ ಬದಲು ಅಳತೆಪಟ್ಟಿ ಹಿಡಿದು ಬಂದು ಅದಕ್ಕೂ ಒಂದು ಸಹಿ ಹಾಕಿ ಹೋಗುತ್ತಿತ್ತು.