ಹುಳಿ ಬಿಯರ್ ಕೆಟ್ಟ ಬಿಯರ್ ಅಲ್ಲ: ಒಂದು ಸ್ಪಷ್ಟನೆ

ಬೆಲ್ಜಿಯಂನ ಲ್ಯಾಂಬಿಕ್ ಬಿಯರ್ ಹುಳಿಯಾಗಿರುವುದು ಅವಧಿ ಮೀರಿ ಕೆಟ್ಟಿರುವುದರಿಂದ ಎಂದು ಬಳ್ಳಾರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಮಾತು ಸರಿಯಲ್ಲ. ಬ್ರಸೆಲ್ಸ್ ಸುತ್ತಮುತ್ತ, ಸುಮಾರಾಗಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ತಂಪು ತಿಂಗಳುಗಳಲ್ಲಿ, ಬಾರ್ಲಿ ಮಾಲ್ಟ್ ಮತ್ತು ಮೊಳಕೆ ಬರಿಸದ ಗೋಧಿಯಿಂದ ತೆಗೆದು ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಿಂದ ಬಂದ ಹಾಗೂ ಓಕ್ ಪೀಪಾಯಿಗಳಲ್ಲಿ ನೆಲೆಸಿದ ಕಾಡು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಅದನ್ನು ಒಂದರಿಂದ ಮೂರು ವರ್ಷ ಹುದುಗಿಸುತ್ತವೆ. ಹುಳಿ ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ್ದು, ಅಂದರೆ ಮೊಸರಿನಲ್ಲಿರುವ ಆಮ್ಲದ್ದೇ. ಬ್ರೆಟ್ಟನೊಮೈಸಿಸ್ ಯೀಸ್ಟ್ ಕೊಡುವ ಕೊಟ್ಟಿಗೆಯಂಥ ವಾಸನೆ ಮೊದಲ ಗುಟುಕಿಗೆ ಹಿಡಿಸದಿರಬಹುದು (ಎಲ್ಲರಿಗೂ ಹಿಡಿಸಬೇಕೆಂದೇನೂ ಇಲ್ಲ), ಆದರೆ ಅದು ದೋಷವಲ್ಲ. ವಿನೆಗರ್‌ನ ಘಾಟು ಮೂಗಿಗೆ ಬಡಿದರೆ ಅನುಮಾನಿಸಬೇಕು. ಮನೆಯ ಮಾಳಿಗೆಯ ಮೇಲೆ ಇದನ್ನು ಮಾಡಿಕೊಳ್ಳಬಹುದೆಂಬ, ಅದೇ ಸಂದೇಶದ ಸಲಹೆಯನ್ನಂತೂ ಕೈಬಿಡುವುದು ಒಳಿತು: ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ ಬೇಡದ ಸೂಕ್ಷ್ಮಜೀವಿಗಳೇ ಮೊದಲು ಬೆಳೆಯುತ್ತವೆ, ಮೇಲಾಗಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ.