ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ 500 ವ್ಯಾಟ್

ಅಕ್ಕನ ಮಗ ಉಡುಪಿಯಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ, ನಮ್ಮ ಮನೆಗೆ ಬಂದು ಒಂದು ವರ್ಷವಾಯಿತು. ವಿಡಿಯೋ ಎಡಿಟಿಂಗ್ ಕಲಿಯುತ್ತಿದ್ದಾನೆ. ಹೋದ ತಿಂಗಳು ಕಂಪ್ಯೂಟರಿಗೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡ. ಸಿನಿಮಾ ನೋಡಿದರೆ ಏನೂ ಆಗುವುದಿಲ್ಲ. ಎಡಿಟ್ ಮಾಡಿದ ವಿಡಿಯೋ ತಯಾರಾಗಲಿ ಅಂತ ರೆಂಡರ್ ಒತ್ತಿದ ಕೂಡಲೇ ಟಪ್ ಅಂತ ಆಫ್. ತಾನಾಗಿಯೇ ಮತ್ತೆ ಶುರು. ಅಂಗಡಿಯವನನ್ನು ಕೇಳಿದರೆ ವಿಂಡೋಸ್ ಹೊಸದಾಗಿ ಹಾಕು ಅಂದ. ಹಾಕಿದ. ಮತ್ತೆ ಟಪ್. ರ‍್ಯಾಮ್ ಬದಲಿಸು ಅಂದ. ಅದಕ್ಕೂ ದುಡ್ಡು ಹೋಯಿತು.

ಕೊನೆಗೆ ನಾನೇ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಮೊಬೈಲ್ ಟಾರ್ಚ್ ಹಿಡಿದೆ. ಒಳಗೆ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ. ಅದರ ಮೇಲೆ ಅಂಗೈ ಅಗಲದ ಅಂಕಿ, 500.

“ಮಾವ, 500 ವ್ಯಾಟ್ ಉಂಟಲ್ಲ, ಸಾಕಲ್ವಾ?”

ಅದರ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳ ಕೋಷ್ಟಕ. ಕನ್ನಡಕ ಹಾಕಿಕೊಂಡು ಓದಿದೆ. 12 ವೋಲ್ಟಿನ ಎದುರು 16 ಆಂಪ್ ಅಂತಿತ್ತು. ಗುಣಿಸಿದರೆ 192 ವ್ಯಾಟ್. ಅಷ್ಟೇ!

ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಬಹುಪಾಲು 12 ವೋಲ್ಟಿನ ಲೈನಿನಿಂದಲೇ. 5 ಮತ್ತು 3.3 ವೋಲ್ಟಿನ ಲೈನಿಗೆ ಈಗ ಅಂಥಾ ಕೆಲಸವಿಲ್ಲ. 3060 ಕಾರ್ಡಿಗೆ 170 ವ್ಯಾಟ್. ಇವನ ಇಂಟೆಲ್ ಐ5 12400 ಜೋರಾಗಿ ಓಡುವಾಗ 117 ವ್ಯಾಟ್‌ವರೆಗೆ ಎಳೆಯುತ್ತದೆ. ಅಲ್ಲಿಗೆ 287. ಬೋರ್ಡು, ಫ್ಯಾನು, ಡಿಸ್ಕು ಅಂತ ಇನ್ನೊಂದು ನಲವತ್ತೈವತ್ತು ಸೇರಿಸಿ. ಸಾಲದ್ದಕ್ಕೆ ಗ್ರಾಫಿಕ್ಸ್ ಕಾರ್ಡುಗಳು ಕಣ್ಣು ಮಿಟುಕಿಸುವುದರೊಳಗೆ ಒಮ್ಮೊಮ್ಮೆ ತಮ್ಮ ಲೆಕ್ಕಕ್ಕಿಂತ ಜಾಸ್ತಿ ಎಳೆಯುತ್ತವೆ. ಪಾಪ, 192ರದ್ದು ಎಲ್ಲಿಂದ ಕೊಡುತ್ತದೆ?

ಇನ್ನೂ ಒಂದು ಘನಕಾರ್ಯ ಮಾಡಿದ್ದರು. ಕಾರ್ಡಿಗೆ ಬೇಕಾದ 8 ಪಿನ್ನಿನ ವೈರೇ ಆ ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲ. ಡಿಸ್ಕಿಗೆ ಹಾಕುವ ಎರಡು ಸಾಟಾ ವೈರ್ ಸೇರಿಸಿ ಅಡಾಪ್ಟರ್ ಸಿಕ್ಕಿಸಿದ್ದರು. ಒಂದು ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಡೆಯುವುದು 54 ವ್ಯಾಟ್. 8 ಪಿನ್ ಮೂಲಕ ಕಾರ್ಡ್ 150ರವರೆಗೆ ಕೇಳಬಹುದು. ಕಿತ್ತು ನೋಡಿದರೆ ಪ್ಲಾಸ್ಟಿಕ್ ಹಳದಿಯಾಗಿ ಮೆತ್ತಗಾಗಿತ್ತು. ರಾತ್ರಿಯೆಲ್ಲಾ ರೆಂಡರಿಗೆ ಹಾಕಿ ಮಲಗುವ ಹುಡುಗ ಇವನು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ನನಗೆ ಸಿಟ್ಟು ಬರುವುದು ಇಲ್ಲಿ. ಗಾಜಿನ ಕ್ಯಾಬಿನೆಟ್, ಬಣ್ಣಬಣ್ಣದ ಲೈಟಿನ ಫ್ಯಾನ್, ಎಲ್ಲದಕ್ಕೂ ದುಡ್ಡು ಬಿಚ್ಚುತ್ತೇವೆ. ಎಲ್ಲಕ್ಕೂ ಅನ್ನ ಹಾಕುವ ಡಬ್ಬಿ ಮಾತ್ರ ಪುಕ್ಕಟೆ ಬಂದರೆ ಖುಷಿ.

ಶನಿವಾರ ದಾದರಿನಲ್ಲಿ ಟ್ರೈನ್ ಬದಲಿಸಿ ಗ್ರ್ಯಾಂಟ್ ರೋಡಿಗೆ ಹೋದೆವು. ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿನಲ್ಲಿ ಮೊದಲ ಅಂಗಡಿಯವನು ಇನ್ನೊಂದು ಹೆಸರಿಲ್ಲದ 600 ವ್ಯಾಟ್ ತೋರಿಸಿ “ಸಾಬ್, ಆರಾಮ್ ಸೇ ಚಲೇಗಾ” ಅಂದ. ತಿರುಗಿಸಿ ಸ್ಟಿಕ್ಕರ್ ಓದಲು ಶುರು ಮಾಡಿದ್ದೇ ತಡ, ಒಳಗಿನಿಂದ ಬೇರೆ ತಂದ. 550 ವ್ಯಾಟ್, ಬ್ರಾಂಜ್, 5 ವರ್ಷ ವಾರಂಟಿ, 12 ವೋಲ್ಟ್ ಲೈನೊಂದರಲ್ಲೇ 540 ವ್ಯಾಟ್. ಕಾರ್ಡಿನ ಚಿಪ್ ಕಂಪನಿ ಎನ್ವಿಡಿಯಾದವರೂ ಈ ಕಾರ್ಡಿಗೆ ಹೇಳುವುದು 550ನ್ನೇ. ಪಕ್ಕದಲ್ಲಿದ್ದ ಹುಡುಗನೊಬ್ಬ ಇದೇ ಕಾರ್ಡಿಗೆ 1000 ವ್ಯಾಟ್ ಕೊಳ್ಳುತ್ತಿದ್ದ. ಅದೂ ಬೇಡ ಮಾರಾಯ್ರೆ, ಆ ದುಡ್ಡಿಗೆ ಇನ್ನೊಂದು ಎಸ್‌ಎಸ್‌ಡಿ ಬರುತ್ತಿತ್ತು.

ರಾತ್ರಿ ಅಕ್ಕನ ಫೋನು. “550 ಅಂದ್ರೆ ನಿನ್ಗೆ ಕರೆಂಟ್ ಬಿಲ್ ಎಷ್ಟು ಬರ್ಬಹುದು?” ಸೊಸೈಟಿಯ ಟೆರೇಸಿನ ಟ್ಯಾಂಕ್ ದೊಡ್ಡದು ಅಂತ ನಮ್ಮ ನಲ್ಲಿಯಲ್ಲಿ ನೀರು ಜಾಸ್ತಿ ಖರ್ಚಾಗುತ್ತದಾ ಅಕ್ಕ, ಅಂದೆ. ಒಳಗೆ ಎಷ್ಟು ಬೇಕೋ ಅಷ್ಟೇ ಎಳೆಯುತ್ತದೆ. ಮೇಲೆ ಸ್ವಲ್ಪ ವೇಸ್ಟ್ ಆಗುತ್ತದೆ ನಿಜ. ಬ್ರಾಂಜ್, ಗೋಲ್ಡ್ ಅನ್ನುವುದೆಲ್ಲಾ ಅದರ ಲೆಕ್ಕವೇ. ಒಳಗೆ 300 ವ್ಯಾಟ್ ಬೇಕಾದಾಗ ನೂರಕ್ಕೆ 85 ದಕ್ಕಿಸುವ ಡಬ್ಬಿ ಗೋಡೆಯಿಂದ 353 ಎಳೆಯುತ್ತದೆ, 70 ದಕ್ಕಿಸುವುದು 429. ನಡುವಿನದ್ದೆಲ್ಲಾ ಬಿಸಿಗಾಳಿ. ಮೇ ತಿಂಗಳಲ್ಲಿ ಮುಂಬಯಿಯ ಹತ್ತಡಿ ರೂಮಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುಪಿಎಸ್‌ನದ್ದೂ ಇದೇ ಸ್ಟಿಕ್ಕರ್ ಕಥೆ. ಅದರ ದೊಡ್ಡ ಅಂಕಿ ವ್ಯಾಟ್ ಅಲ್ಲ, ವಿಎ, ಅಂದರೆ ವೋಲ್ಟ್-ಆಂಪ್. ಮನೆಯಲ್ಲಿದ್ದ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ರೆಂಡರ್ ಆಗುವಾಗ ಕರೆಂಟ್ ಹೋದರೆ ಉಸಿರು ಬಿಗಿಹಿಡಿದು ಕೂರಬೇಕು. ಮಳೆಗಾಲಕ್ಕೆ ಮೊದಲು ಅದನ್ನೂ ಬದಲಿಸಬೇಕು.

ಹಾಂ, ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತದೆ ಅಂತ ಇವನು ಹೇಳುತ್ತಲೇ ಇದ್ದ. ಎರಡು ಪಿನ್ನಿನ ಕನ್ವರ್ಟರ್ ಹಾಕಿಕೊಂಡಿದ್ದ! ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ 230ರ ಅರ್ಧದಷ್ಟು ವೋಲ್ಟೇಜ್ ತಗಡಿನ ಮೇಲೆ ಕೂತಿರುತ್ತದೆ. ಕರೆಂಟ್ ತೀರಾ ಕಡಿಮೆ, ಆದರೂ ಆಟವಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಇರುವ ಮೂರು ಪಿನ್ನಿನ ಪಾಯಿಂಟ್ ಮಾಡಿಸಿದೆ.

ಈಗ ಮೂರು ವಾರವಾಯಿತು, ಒಂದು ಸಲವೂ ಆಫ್ ಆಗಿಲ್ಲ. ಹಳೇ ಡಬ್ಬಿಯನ್ನು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ ಕೊಟ್ಟೆ. ಕೈಯಲ್ಲಿ ಹಿಡಿದು ತೂಗಿ ನೋಡಿದ. “ಇಸ್ ಮೇ ತೋ ಕುಛ್ ಹೈ ಹೀ ನಹೀಂ ಸೇಠ್” ಅಂತ ಹತ್ತು ರೂಪಾಯಿ ಕೊಟ್ಟು ಹೋದ.