ಡಚ್ ಅಡುಗೆಮನೆಯ ‘ಫೋಟೋ’: ಸತ್ಯಾಂಶ

ಡಚ್ ಚಿತ್ರಕಾರ ವರ್ಮೀರ್ ಸುಮಾರು 1660ರಲ್ಲಿ ಬರೆದ, ಹಾಲು ಸುರಿಯುವ ಕೆಲಸದಾಕೆಯ ಚಿತ್ರ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ‘ಕ್ಯಾಮೆರಾ ಇಲ್ಲದ ಕಾಲದ ಫೋಟೋ, ಕಂಡಿದ್ದನ್ನೇ ಬರೆದಿದ್ದು’ ಅಂತ ಕೆಳಗೊಂದು ಸಾಲು. ಹಾಗಲ್ಲ.

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಈ ಚಿತ್ರವನ್ನು ಸ್ಕ್ಯಾನ್ ಮಾಡಿ, ಬಣ್ಣದ ಅಡಿಯಲ್ಲಿ ಸಿಕ್ಕಿದ್ದನ್ನು 2022ರಲ್ಲಿ ತಿಳಿಸಿತು. ಆಕೆಯ ತಲೆಯ ಹಿಂದೆ ಹೂಜಿ ನೇತುಹಾಕುವ ಹಲಗೆ. ಕೆಳಗೆ ಬಲಕ್ಕೆ ಕೆಂಡದ ಬುಟ್ಟಿ, ಮಗುವಿನ ಬಟ್ಟೆ ಒಣಗಿಸೋಕೆ ಇಡುತ್ತಿದ್ದಂಥದ್ದು. ಎರಡನ್ನೂ ವರ್ಮೀರ್ ಬಣ್ಣ ಬಳಿದು ಮುಚ್ಚಿಬಿಟ್ಟಿದ್ದ. ಈಗ ಬೋಳು ಗೋಡೆಯಲ್ಲಿ ಕಾಣೋದು ಮೊಳೆ, ತೂತುಗಳು ಅಷ್ಟೇ.

ಹಾಗಂತ ಎಲ್ಲ ಸುಮ್ನೆ ಕಲ್ಪನೆ ಅಂತಲ್ಲ. ಅದೇ ಕಾಲದ ಖೀರ್ಟ್ರೌಡ್ ರೋಖ್‌ಮನ್ ಎಂಬ ಕಲಾವಿದೆ ಹೆಂಗಸರ ಮನೆಗೆಲಸವನ್ನೇ ಐದು ಅಚ್ಚುಚಿತ್ರಗಳಲ್ಲಿ ಕೆತ್ತಿದಳು. ಅದರಲ್ಲಿ ಪಾತ್ರೆ ಉಜ್ಜುವವಳು ನಮಗೆ ಬೆನ್ನು ತಿರುಗಿಸಿದ್ದಾಳೆ. ನನಗೆ ಅವಳೇ ಜಾಸ್ತಿ ನಿಜ ಅನ್ನಿಸುತ್ತಾಳೆ.